ನಮ್ಮನೇದು ನಾರ್ಮಲ್

ಬೇರೆಯವರ ಮನೆಯಲ್ಲಿ ನಡೆಯುವುದೆಲ್ಲ ಸಂಪ್ರದಾಯ, ನಮ್ಮ ಮನೆಯಲ್ಲಿ ನಡೆಯುವುದು ಮಾತ್ರ ಸಹಜ ಎಂದು ನಂಬಿ ಬದುಕುವುದರಲ್ಲಿ ಒಂದು ಸುಖವಿದೆ. ಬನಶಂಕರಿಯ ಸರ್ಕಾರಿ ಶಾಲೆಯಲ್ಲಿ ಸಮಾಜ ಪಾಠ ಹೇಳುವ ನಾನು ಆ ಸುಖವನ್ನು ಬಹಳ ಕಾಲ ಉಂಡವಳು. ಈ ವರ್ಷ ಶನಿವಾರಕ್ಕೊಂದು ಹೊಸ ಪೀರಿಯಡ್ಡು ಬಂತು ನೋಡಿ, ಎಲ್ಲ ಕೆಟ್ಟಿತು. ಮಕ್ಕಳು ತಮ್ಮ ತಮ್ಮ ಜನರ ಆಚಾರ ವಿಚಾರ ಹೇಳಬೇಕು, ಉಳಿದವರು ಕೇಳಬೇಕು. ನಮ್ಮ ಏಳನೇ ಕ್ಲಾಸಿನಲ್ಲಿ ತಮಿಳರಿದ್ದಾರೆ, ನೇಪಾಳದವರಿದ್ದಾರೆ, ಮಂಡ್ಯದವರಿದ್ದಾರೆ. ಎಲ್ಲರೂ ಬಾಯ್ತುಂಬ ಮಾತಾಡಿದರು. ಮಾತಾಡದವಳು ರೇಣುಕಾ ಒಬ್ಬಳೇ.

ಬಾಗಲಕೋಟೆ ಕಡೆಯ ಹುಡುಗಿ. ಅಪ್ಪನಿಗೆ ಜೆ.ಪಿ. ನಗರದಲ್ಲಿ ಕಟ್ಟಡದ ಕೆಲಸ. ಶಾಲೆಗೆ ಸೇರಿದಾಗಿನಿಂದ 'ಹಾಜರ್ ರೀ' ಬಿಟ್ಟು ಇನ್ನೊಂದು ಮಾತಾಡಿರಲಿಲ್ಲ. ಉಳಿದವರು ನಗುತ್ತಾರೆಂದು ಹೆದರಿರಬೇಕು ಅಂದುಕೊಂಡೆ. ಇವಳ ಬಾಯಿ ಬಿಡಿಸಲಾಗದಿದ್ದರೆ ನಾನೆಂಥ ಮೇಷ್ಟ್ರಮ್ಮ ಎಂದು ನಿಜವಾಗಿಯೂ ಸಂಕಟವಾಗುತ್ತಿತ್ತು. ಪುಸಲಾಯಿಸಿದೆ, ಚಾಕ್ಲೇಟು ತೋರಿಸಿದೆ. ಕೊನೆಗೊಂದು ಶನಿವಾರ ಕ್ಲಾಸಿನಲ್ಲೇ ಬಾಯಿ ಬಿಟ್ಟಳು: "ಮೊದ್ಲ ನಿಮ್ಮದು ಹೇಳ್ರಿ ಮಿಸ್."

"ನಮ್ಮನೇಲಿ ವಿಶೇಷ ಏನೂ ಇಲ್ಲಮ್ಮ. ನಾರ್ಮಲ್."

"ಹಂಗಾರ ನಾವು ನಾರ್ಮಲ್ ಅಲ್ಲೇನ್ರಿ?"

ಅಯ್ಯೋ ದೇವರೇ! ನಾನು ತಡವರಿಸುತ್ತಿರುವಾಗ ಮುಂದಿನ ಬೆಂಚಿನ ಶಬಾನಾ ಎದ್ದಳು. "ಮಿಸ್, ನೀವು ಮಧ್ಯಾಹ್ನ ನಮ್ಮ ಜೊತೆ ಊಟಕ್ಕೆ ಕೂತಾಗ ಅನ್ನ ಮುಟ್ಟಿ, ಕೈ ಒದ್ದೆ ಮಾಡ್ಕೊಂಡೇ ಮೊಸರಿನ ಡಬ್ಬಿ ಮುಟ್ತೀರಲ್ಲ, ಅದ್ಯಾಕೆ?"

ಅದು ಮುಸುರೆ. ನಮ್ಮ ಮನೆಗಳಲ್ಲಿ ಬೆಂದ ಅನ್ನ ಮುಟ್ಟಿದ ಕೈಗೆ ನೀರು ಸೋಕಿಸದೆ ಮೊಸರು, ಉಪ್ಪಿನಕಾಯಿ ಮುಟ್ಟುವಂತಿಲ್ಲ. ಅದೊಂದು ಆಚಾರ ಅನ್ನುವುದೇ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಕೈ ತಾನಾಗಿ ನಲ್ಲಿಗೆ ಹೋಗುತ್ತಿತ್ತು. ಮುಂದಿನ ವಾರ ಕಾರಣ ಹೇಳುತ್ತೇನೆಂದು ಪಾರಾಗಿ, ಸಂಜೆ ಹನುಮಂತನಗರದ ಅಮ್ಮನಿಗೆ ಫೋನು ಹಚ್ಚಿದೆ.

"ಯಾಕೆ ಅಂದ್ರೇನೇ? ಮುಸುರೆ ಅಂದ್ರೆ ಮುಸುರೆ! ನಮ್ಮತ್ತೆ ಹೇಳಿದ್ರು, ನಾನು ಮಾಡ್ದೆ. ನಿನ್ನ ಸ್ಕೂಲಿನ ತಲೆಹರಟೆಯೆಲ್ಲ ನನ್ನ ಹತ್ರ ತರ್ಬೇಡ. ಕುಕ್ಕರ್ ಕೂಗ್ತಿದೆ, ಇಡ್ತೀನಿ."

ಶನಿವಾರ ಕ್ಲಾಸಿನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾಕೆ ಮಾಡುತ್ತೇವೋ ನನಗೆ ಗೊತ್ತಿಲ್ಲ, ನಮ್ಮಮ್ಮನಿಗೂ ಗೊತ್ತಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ನಿಲ್ಲುವ ಮೊದಲೇ ರೇಣುಕಾ ಎದ್ದು ನಿಂತಳು.

ಮಣ್ಣೆತ್ತಿನ ಅಮಾವಾಸ್ಯೆಗೆ ಊರಲ್ಲಿ ಕರಿಮಣ್ಣಿನ ಎತ್ತು ಮಾಡಿ ಪೂಜಿಸುವುದು, ಆಮೇಲೆ ಹಳ್ಳದಲ್ಲಿ ಬಿಡುವುದು, ಎಲ್ಲ ಹೇಳಿದಳು. "ಇಲ್ಲಿ ಆ ಮಣ್ಣು ಸಿಗವಲ್ದ್ರಿ. ನಮ್ಮಪ್ಪ ಸಿಮೆಂಟಿಲೆ ಎತ್ತು ಮಾಡ್ಯಾನ. ನೀರಾಗ ಬಿಟ್ರ ಕರಗವಲ್ವು!" ಬೆಲ್ಲು ಹೊಡೆದರೂ ಒಬ್ಬರೂ ಏಳಲಿಲ್ಲ.

ನನಗೋ ಕಣ್ಣು ತುಂಬಿ ಬಂದಿತ್ತು. ಪುಸಲಾಯಿಸಿದ್ದು ಸಾರ್ಥಕವಾಯಿತೆಂದು ಬೀಗುತ್ತ ಅವಳನ್ನು ಹತ್ತಿರ ಕರೆದೆ. "ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲೇ, ಇಷ್ಟು ದಿನ ಯಾಕೆ ಸುಮ್ನಿದ್ದೆ? ಇವರೆಲ್ಲ ನಗ್ತಾರೆ ಅಂತಾನಾ?"

"ಇಲ್ರಿ ಮಿಸ್. ನಿಮಗ ಎಲ್ಲಾ ಗೊತ್ತೈತಿ ಅಂತ ಅಂಜಿದ್ನಿ," ಅಂದಳು. "ನಿಮಗ ನಿಮ್ಮದಽ ಗೊತ್ತಿಲ್ಲ ಅಂದಮ್ಯಾಗ ಧೈರ್ಯ ಬಂತ್ ನೋಡ್ರಿ."