ಎದೆಯ ಗಂಟು ಯಾರದು?

ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿ ಕತ್ತಿ ಹಿಡಿದು ನಿಂತ ದಿನದಿಂದ ನನಗೆ ಅರ್ಥವಾದದ್ದಕ್ಕಿಂತ ತಲೆ ಕೆಟ್ಟದ್ದೇ ಹೆಚ್ಚು. ಹೆಂಗಸರ ಎದೆಯಲ್ಲಿ ಕಟ್ಟಿಕೊಳ್ಳುವ ಗಂಟು ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಎಂದು ತಿಳಿಯುವ ಹುಚ್ಚು ನನಗೆ. ಚಿಕ್ಕದಿದ್ದಾಗಲೇ ಕೊಯ್ದು ತೆಗೆದರೆ ಬದುಕುವ ಆಸೆಯುಂಟು. ನಮ್ಮ ಕಡೆಯವರು ಬರುವುದೋ, ಅದು ಒಡೆದು ಹುಣ್ಣಾದ ಮೇಲೆ. ಅಂಥವರನ್ನು ಏನೂ ಮಾಡಲಾಗದೆ ಮತ್ತೆ ಗಾಡಿ ಹತ್ತಿಸಿ ಕಳಿಸುತ್ತಿದ್ದೆ. ಅದಕ್ಕೇ ನಮ್ಮ ಕನ್ನಡದ ಜನ ನೆಲೆಸಿರುವ ಕಂಬಂ ಕಣಿವೆಯನ್ನು ಎತ್ತಿನ ಗಾಡಿಯಲ್ಲಿ ಸುತ್ತಿ, ಸಿಕ್ಕವರನ್ನೆಲ್ಲ ಪ್ರಶ್ನೆ ಕೇಳುತ್ತಿದ್ದೆ. ಉತ್ತರಗಳೂ ಸಿಕ್ಕವು. ಅದೇ ಕಷ್ಟವಾಯಿತು.

ಹಲಗೆಯ ಮೇಲಿನ ವಂಶ

ಈ ರೋಗ ರಕ್ತದಲ್ಲಿ ಹರಿದು ಬರುತ್ತದೆಯೋ ಎಂದು ನೋಡಬೇಕಿತ್ತು. ಬೋಡಿನಾಯಕನೂರಿನ ಒಬ್ಬ ಹೆಂಗಸಿನ ಮುಂದೆ ಹಲಗೆ, ಬಳಪ ಹಿಡಿದು ಕೂತೆ.

"ನಿನ್ನ ತವರಿನಲ್ಲಿ ಯಾರಿಗಾದರೂ ಇತ್ತೇನಮ್ಮಾ?"

"ನಮ್ಮತ್ತೆಗೆ ಇತ್ತು ಸಾಮಿ."

"ಅತ್ತೆ ಗಂಡನ ಮನೆಯವಳು. ನಾನು ಕೇಳಿದ್ದು ತವರು."

"ಅತ್ತೆ ಅಂದ್ರೆ ನಮ್ಮವ್ವನ ಅವ್ವ. ನನ್ನ ಕಟ್ಕೊಂಡಿರೋದು ನಮ್ಮವ್ವನ ತಮ್ಮ."

ಒಂದು ಗೆರೆ ಅಳಿಸಿ ಇನ್ನೊಂದು ಎಳೆದೆ. ಅದು ಸುತ್ತಿಕೊಂಡು ಹೊರಟ ಜಾಗಕ್ಕೇ ಬಂತು. ಮದರಾಸಿನಲ್ಲಿ ಓದಿ ಬಂದ ಜಂಬದಲ್ಲಿ ನಮ್ಮ ಜನರ ಸಂಬಂಧವೇ ಮರೆತುಹೋಗಿತ್ತು. ನನ್ನ ಹೆಂಡತಿಯೂ ನನ್ನ ಅಕ್ಕನ ಮಗಳೇ! ಸುಲಭವಾದೀತೆಂದು ಮನೆಗೆ ಬಂದು ನನ್ನದೇ ವಂಶವನ್ನು ಬರೆಯತೊಡಗಿದೆ. ನನ್ನ ಮಗನಿಗೆ ನಾನು ಅಪ್ಪನೂ ಹೌದು, ಅಜ್ಜಿಯ ತಮ್ಮನೂ ಹೌದು ಎಂದು ತಿಳಿದ ಮೇಲೆ ಹಲಗೆ ಒರೆಸಿ ಮಲಗಿಬಿಟ್ಟೆ.

ಒಂದೇ ಮಗು

ಹಾಲು ಕುಡಿಸಿದವರಿಗೆ ಗಂಟು ಕಡಿಮೆಯೋ ಎಂಬುದು ಇನ್ನೊಂದು ಅನುಮಾನ. ಓಡೈಪಟ್ಟಿಯಲ್ಲಿ ಒಬ್ಬಳನ್ನು ಕೇಳಿದೆ:

"ಮಕ್ಕಳೆಷ್ಟು?"

"ಒಂದೇ ಸಾಮಿ."

ಹೊರಗೆ ಗಾಡಿ ತುಂಬ ಮಕ್ಕಳು "ಅವ್ವಾ, ಅವ್ವಾ" ಎಂದು ಬಾಯಿ ಬಡಿದುಕೊಳ್ಳುತ್ತಿದ್ದವು.

"ಅವೆಲ್ಲ ಯಾರವು?"

"ಮೆಲ್ಲಗೆ ಕೇಳಿ ಸಾಮಿ! ಎಣಿಸಿ ಹೇಳಿದ್ರೆ ಕಣ್ಣು ಬೀಳ್ತದೆ."

ನಾನೂ ಜಾಣನಾದೆ. "ಮಕ್ಕಳು ಬೇಡ ಬಿಡು. ಹಾಲು ಕುಡಿಸಿದ್ದು ಎಷ್ಟಕ್ಕೆ, ಅಷ್ಟು ಹೇಳು."

ಅವಳು ಬೆರಳು ಮಡಿಸುತ್ತಾ ಮಡಿಸುತ್ತಾ ನಿಲ್ಲಿಸಿ ಕೇಳಿದಳು: "ಪಕ್ಕದ ಮನೇವನ್ನೂ ಸೇರಿಸ್ಬೇಕಾ ಸಾಮಿ?"

ಸಿಗದ ಗಂಟು

ತೇನಿಯ ಹತ್ತಿರದ ಹಳ್ಳಿಯಿಂದ ಒಬ್ಬ ಅಜ್ಜಿ ಸೊಸೆಯನ್ನು ಆಸ್ಪತ್ರೆಗೆ ಕರೆತಂದಳು. ಸೊಸೆ ಗೋಡೆಗೆ ಮುಖ ಮಾಡಿ ನಿಂತಳು. ಹರೆಯದವಳು ಗಂಡಸಿನ ಮುಂದೆ ಎದೆಯ ಮಾತು ಆಡುವಂತಿಲ್ಲ. ಮನೆಯ ಹಿರಿಯಳು ತನ್ನ ಮೈಮೇಲೆ ಬೆರಳಿಟ್ಟು ತೋರಿಸುವುದು ನಮ್ಮ ಕಡೆಯ ಪದ್ಧತಿ. ಅಜ್ಜಿ ಸೀರೆಯ ಮೇಲಿಂದಲೇ ತನ್ನ ಎಡಗಡೆ ಒತ್ತಿ ತೋರಿಸಿದಳು.

"ಇವಳಿಗೆ ಇಲ್ಲಿ ಗಂಟು ಐತೆ ಸಾಮಿ. ಹುಣಿಸೆಬೀಜದಷ್ಟು. ಕಲ್ಲಿನ ಹಾಗೆ ಗಟ್ಟಿ. ನೋವಿಲ್ಲ."

ನನಗೆ ಕುಣಿಯುವಷ್ಟು ಸಂತೋಷ. ಕೊನೆಗೂ ಒಬ್ಬಳು ಬೇಗ ಬಂದಳಲ್ಲ! ಪರದೆಯ ಹಿಂದೆ ಸೊಸೆಯ ಮೈ ನೋಡಲು ಆಯಾಳನ್ನು ಕಳಿಸಿದೆ. ಗಂಟಿಲ್ಲ ಎಂದಳು. ಮತ್ತೆ ಕಳಿಸಿದೆ. ಇಲ್ಲವೇ ಇಲ್ಲ.

ಕೆಲವು ತಿಂಗಳು ಬಿಟ್ಟು ಅಜ್ಜಿ ಮತ್ತೆ ಬಂದಳು. "ಈಗ ಅಡಿಕೆಯಷ್ಟಾಗೈತೆ ಸಾಮಿ." ಸೊಸೆಯಲ್ಲಿ ಆಗಲೂ ಏನಿಲ್ಲ. ಇಲ್ಲದ ಗಂಟು ಬೆಳೆಯುವುದು ಹೇಗೆ? ಇದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಆಯಾಳನ್ನು ಇನ್ನೊಮ್ಮೆ ಕಳಿಸಿದಾಗ ಸೊಸೆಗೆ ರೇಗಿ, ಪರದೆಯ ಹಿಂದಿನಿಂದಲೇ ಕೂಗಿದಳು: "ಎಷ್ಟು ದಿನ ನನ್ನ ಮೈಯಲ್ಲಿ ಹುಡುಕಿಸ್ತೀರಿ ಸಾಮಿ? ಅದು ಅತ್ತೇದು!"

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಬಾಣಂತಿಗೆ ಗಂಟಾದ್ರೆ ಹಾಲು ಕಟ್ಟಿತು ಅಂತಾರೆ. ಮೊಮ್ಮಕ್ಕಳ ಕಂಡ ಮುದುಕಿಗೆ ಅಂದ್ರೆ ಊರೇ ನಗ್ತದಲ್ಲಾ ಸಾಮಿ."

ನನಗೆ ನಗು ಬರಲಿಲ್ಲ, ಭಯವಾಯಿತು. ಸುಮ್ಮನೆ ಕಳೆದ ಅಷ್ಟೂ ತಿಂಗಳುಗಳು ಅವಳ ಆಯಸ್ಸಿನಿಂದ ಹೋದವು. "ಈಗಲೇ ಕೊಯ್ಯಬೇಕು," ಎಂದೆ. ಒಪ್ಪಿದಳು, ಒಂದೇ ಷರತ್ತಿನ ಮೇಲೆ: ಊರಿನ ಪಾಲಿಗೆ ಗಂಟು ಸೊಸೆಯದಾಗಿಯೇ ಉಳಿಯಬೇಕು. ಸೊಸೆ ಯಾಕೋ ತಕ್ಷಣ ಹೂಂ ಅಂದಳು.

ಕ್ಲೋರೋಫಾರಂ ಕೊಟ್ಟು ಕೊಯ್ದೆ. ಅಜ್ಜಿ ಕಣ್ಣು ಬಿಟ್ಟು ನೀರು ಕೇಳಿದಾಗ ಆಚೆ ಹೋಗಿ ಅತ್ತುಬಿಟ್ಟೆ.

ಮುಂದೆ ಗಾಯ ನೋಡಲು ಅವರ ಹಳ್ಳಿಗೆ ಹೋದೆ. ಮನೆ ತುಂಬ ಹೆಂಗಸರು, ಕೈಯಲ್ಲಿ ಬಾಳೆಹಣ್ಣು, ಬೆಲ್ಲ. ಮಂಚದ ಮೇಲೆ ಸೊಸೆ ಕಂಬಳಿ ಹೊದ್ದು ನರಳುತ್ತಾ ಗಂಜಿ ಕುಡಿಯುತ್ತಿದ್ದಳು. ಒಲೆಯ ಮುಂದೆ ಅಜ್ಜಿ, ಒಂದೇ ಕೈಯಲ್ಲಿ ಮುದ್ದೆ ತಿರುವುತ್ತಿದ್ದಳು. ಹಿತ್ತಲಲ್ಲಿ ಕಟ್ಟು ಬಿಚ್ಚಿ ನೋಡಿದೆ. ಗಾಯ ಚೆನ್ನಾಗಿ ಮಾಗಿತ್ತು.

"ನಿನಗೆ ವಾಸಿಯಾಯಿತು ಅಜ್ಜಿ," ಎಂದೆ.

ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ನಂದಿರ್ಲಿ ಬಿಡಿ ಸಾಮಿ. ಅವಳಿಗೆ ಎಂದು ವಾಸಿ ಮಾಡ್ತೀರಿ? ನನಗೆ ಕೊಯ್ದ ದಿನ ಮಲಗಿದವಳು ಇನ್ನೂ ಎದ್ದಿಲ್ಲ!"