ನನ್ನ ಫೋಟೋಗಳಿಗೆ ಸಿಕ್ಕ ಜಾಗಗಳು

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ಒಂದು ಆಯುಧಪೂಜೆ ದಿನ. ಬೀದಿಯವರೆಲ್ಲ ತಂತಮ್ಮ ಸ್ಕೂಟರಿಗೆ, ಹೊಲಿಗೆ ಮಿಷನ್ನಿಗೆ, ಸ್ಪ್ಯಾನರಿಗೆ ಕುಂಕುಮ ಹಚ್ಚುತ್ತಿದ್ದರು. ನನ್ನ ಆಯುಧ ಅಂತ ಅಮ್ಮ ಒಂಬತ್ತನೇ ಕ್ಲಾಸಿನ ಗಣಿತದ ಪುಸ್ತಕ ಇಟ್ಟಳು. ಪೂಜೆಗಿಟ್ಟ ಪುಸ್ತಕ ಮುಟ್ಟಬಾರದು ಅಂತಾರೆ. ಇವತ್ತಿಗೂ ಮುಟ್ಟಿಲ್ಲ.

ಆಮೇಲೆ ಲಾರಿ ಕ್ಲೀನರ್ ಆದೆ, ಹೋಟೆಲಲ್ಲಿ ಸಪ್ಲೈಯರ್ ಆದೆ, ಈಗ ಟೂರಿಸ್ಟ್ ಗಾಡಿ ಓಡಿಸ್ತೀನಿ. ಹೋದಲ್ಲೆಲ್ಲ ಫೋಟೋ ತೆಗೆಯೋ ಚಟ ಬೇರೆ ಅಂಟಿಕೊಂಡಿತು. ತೆಗೆದು ಸುಮ್ಮನಿದ್ದರೆ ತೊಂದರೆಯಿಲ್ಲ. ಇದು ಮುಂದಿನ ತಲೆಮಾರಿಗೂ ಉಳೀಬೇಕು ಅಂತ ಯಾವತ್ತು ಅನ್ನಿಸುತ್ತೋ, ಅವತ್ತಿಂದ ನಮ್ಮಂಥವರಿಗೆ ಈಗ ಹೇಳೋವಂಥವು ಆಗ್ತಾನೇ ಇರುತ್ತವೆ.

ನನ್ನ ಫೋಟೋಗಳಿದ್ದಿದ್ದು ವಿಜಯನಗರದ ಅಕ್ಕನ ಮನೆ ತಾರಸಿ ಮೇಲೆ, ಶೀಟಿನ ರೂಮಲ್ಲಿ, ಒಂದು ಟ್ರಂಕಿನೊಳಗೆ. ಹೋದ ವರ್ಷ ಅಕ್ಕ ಹೇಳಿದಳು: "ಆ ರೂಮು ಒಡೆಸಿ ಬಾಡಿಗೆಗೆ ಒಂದು ಮನೆ ಕಟ್ಟಿಸ್ತಾ ಇದೀನಿ ಕಣೋ. ನಿನ್ನ ಟ್ರಂಕಿಗೆ ಬೇರೆ ಜಾಗ ನೋಡ್ಕೋ. ಇಲ್ದಿದ್ರೆ ಹಳೇ ಪೇಪರ್‌ನವನಿಗೆ ಹಾಕ್ತೀನಿ."

"ಅಕ್ಕಾ, ಅದು ನನ್ನ ಇಡೀ ಜೀವನ!"

"ಗೊತ್ತು. ಅದಕ್ಕೇ ತೂಕ ಕಮ್ಮಿ ಇದೆ."

ನೂರು ವರ್ಷದ ಗ್ಯಾರಂಟಿ

ನಾನೇನೂ ಹೆದರಲಿಲ್ಲ. ಟ್ರಂಕಲ್ಲಿ ಇದ್ದಿದ್ದನ್ನೆಲ್ಲ ಹಿಂದೊಮ್ಮೆ ಡಿವಿಡಿಗೆ ಹಾಕಿಸಿ ಅಕ್ಕನ ಕೈಗೇ ಕೊಟ್ಟಿದ್ದೆ. ಅಂಗಡಿಯವನು, "ನೂರು ವರ್ಷ ಏನೂ ಆಗಲ್ಲ ಸಾರ್" ಅಂದಿದ್ದ. ಅಷ್ಟು ಕಾಲ ಅವನ ಅಂಗಡಿಯೇ ಇರುತ್ತಾ ಅಂತ ಕೇಳುವ ಬುದ್ಧಿ ಆಗ ಇರಲಿಲ್ಲ.

"ಅಕ್ಕಾ, ಆ ಡಿವಿಡಿ ಎಲ್ಲಿಟ್ಟಿದೀಯ?"

"ಬಾಲ್ಕನೀಲಿ ನೋಡು, ಜೋಪಾನವಾಗಿದೆ."

ನೋಡಿದೆ. ನನ್ನ ಹಂಪಿ, ಗೋಕರ್ಣ, ಬಿನ್ನಿಪೇಟೆಯ ಹಳೇ ಗೋಡೆಗಳು, ಎಲ್ಲಾ ನೈಲಾನ್ ದಾರದಲ್ಲಿ ಸಾಲಾಗಿ ನೇತಾಡ್ತಾ ಬಿಸಿಲಿಗೆ ಫಳಫಳ ಅಂತಿದ್ದವು.

"ಪಾರಿವಾಳದ ಕಾಟ ಕಣೋ. ಇದು ಕಟ್ಟಿದ್ಮೇಲೆ ಒಂದೂ ಹತ್ರ ಬರಲ್ಲ. ಒಳ್ಳೇ ಸಾಮಾನು ತಂದಿದ್ದೆ ನೀನು."

ಬರಲ್ಲ ಅನ್ನೋದು ಸುಳ್ಳು. ಅವಳು ಒಳಗೆ ಹೋದ ಮೇಲೆ ಒಂದು ಪಾರಿವಾಳ ಬಂದು ಗ್ರಿಲ್ ಮೇಲೆ ಕೂತು, ಕತ್ತು ಓರೆ ಮಾಡಿ, ಒಂದೇ ಡಿವಿಡೀನ ಬಹಳ ಹೊತ್ತು ನೋಡಿತು. ನನ್ನ ಕೆಲಸವನ್ನ ಅಷ್ಟು ಸಾವಧಾನವಾಗಿ ಇನ್ಯಾರೂ ನೋಡಿಲ್ಲ.

ಗಾಳಿ ತಾಗಬಾರದು

ತಿಳಿದವರನ್ನ ಕೇಳೋಣ ಅಂತ ಬಸವೇಶ್ವರನಗರಕ್ಕೆ ಹೋದೆ. ಅಲ್ಲಿ ನಮ್ಮ ಹವ್ಯಾಸಿಗಳ ಗುಂಪಿಗೆ ಗುರುಗಳಂತಿರುವ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಫೋಟೋ ಉಳಿಸೋದು ಹೇಗೆ ಅಂತ ಅವರು ಮಾತಾಡೋಕೆ ಶುರು ಮಾಡಿದರೆ ಕೂತವರು ಉಳಿಯೋದು ಕಷ್ಟ.

"ನೋಡ್ರೀ, ಫೋಟೋಗೆ ಬೆಳಕು ಶತ್ರು. ತೇವ ಶತ್ರು. ಮನುಷ್ಯರ ಬೆರಳಂತೂ ಪರಮ ಶತ್ರು."

ರೂಮಿನ ಮೂಲೇಲಿ ಕರೀ ಬಾಗಿಲಿನ ಒಂದು ಪೆಟ್ಟಿಗೆ ಬೀರು. ತೇವ ಎಷ್ಟಿದೆ ಅಂತ ತೋರಿಸೋ ಒಂದು ಮೀಟರ್ ಅದರ ಮೇಲೆ. ದೇವರಿಗೆ ದೀಪ ಹಚ್ಚುವ ಮುಂಚೆ ಅವರು ಮೀಟರ್ ನೋಡ್ತಾರಂತೆ.

"ಒಂದು ಫೋಟೋ ತೋರ್ಸಿ ಸಾರ್."

"ಅಯ್ಯೋ! ಬಾಗಿಲು ತೆಗೆದ್ರೆ ಗಾಳಿ ತಾಗುತ್ತೆ ಕಣಯ್ಯ. ನಾನೇ ಎಷ್ಟೋ ವರ್ಷದಿಂದ ತೆಗೆದಿಲ್ಲ."

ಫೋಟೋ ಉಳಿಯೋದು ಯಾರೂ ನೋಡದಿದ್ದರೆ ಮಾತ್ರ ಅನ್ನೋ ಜ್ಞಾನ ಪಡೆದು ಹೊರಟೆ. ಗೇಟಿನ ತನಕ ಬಂದ ಅವರ ಹೆಂಡತಿ ಮೆಲ್ಲಗೆ ಕೇಳಿದರು: "ನೀವೂ ಇಂಥದ್ದೊಂದು ಬೀರು ತಗೋತೀರೇನಪ್ಪ?"

"ಯೋಚನೆ ಮಾಡ್ತಾ ಇದೀನಿ ಆಂಟಿ."

"ತಗೊಳ್ಳಿ, ತಗೊಳ್ಳಿ, ಬಲು ಚೆನ್ನಾಗಿದೆ. ಫೋಟೋ ಎಲ್ಲ ತೆಗೆದು ಮಂಚದ ಕೆಳಗೆ ಹಾಕಿ ನನ್ನ ರೇಷ್ಮೆ ಸೀರೆ ಇಟ್ಟಿದೀನಿ. ಜರಿ ಒಂಚೂರೂ ಕಪ್ಪಾಗಿಲ್ಲ. ಅವರಿಗೆ ಹೇಳ್ಬೇಡಿ, ದಿನಾ ಮೀಟರ್ ನೋಡ್ಕೊಂಡು ನೆಮ್ಮದಿಯಾಗಿದಾರೆ."

ಬಾತುಕೋಳಿಗೆ ಮಂಗಳಾರತಿ

ಒಂದೇ ಕಡೆ ಕೂಡಿಟ್ಟರೆ ಹೀಗೇ, ಹಂಚಿಬಿಡೋಣ. ಹತ್ತು ಮನೆ ಗೋಡೆ ಮೇಲಿದ್ದರೆ ಒಂದಾದರೂ ಉಳಿದೀತು ಅಂತ ಹೊಸ ಲೆಕ್ಕ ಹಾಕಿದೆ. ಕೆಂಗೇರಿಯಲ್ಲಿ ನಮ್ಮ ಭಾವನ ತಂಗಿಯ ಗೃಹಪ್ರವೇಶ ಬಂತು. ಕೆರೆಯ ಮಂಜಿನಲ್ಲಿ ಒಂಟಿ ಬಾತುಕೋಳಿ ಇರೋ ಫೋಟೋಗೆ ತೇಗದ ಫ್ರೇಮ್ ಹಾಕಿಸಿಕೊಂಡು ಹೋದೆ. "ಎಷ್ಟು ಚೆನ್ನಾಗಿದೆ ಅಣ್ಣ!" ಅಂದಳು. ಮುಟ್ಟಿದ್ದು, ಸವರಿದ್ದು ಎಲ್ಲ ಫ್ರೇಮನ್ನ.

ತಿಂಗಳು ಬಿಟ್ಟು ಆ ಕಡೆ ಹೋದಾಗ ನೋಡ್ತೀನಿ, ಅದೇ ಫ್ರೇಮು ದೇವರ ಮನೇಲಿದೆ. ಒಳಗೆ ವೆಂಕಟೇಶ್ವರ.

"ನನ್ನ ಫೋಟೋ ಎಲ್ಲಮ್ಮ?"

"ಅಯ್ಯೋ, ಎಸೆದಿಲ್ಲ ಅಣ್ಣ! ದೇವರ ಹಿಂದೇನೇ ಇದೆ. ಈ ಪಟ ತೆಳ್ಳಗಿತ್ತು, ಆತುಕೊಳ್ಳೋಕೆ ಏನಾದ್ರೂ ಗಟ್ಟಿಯಾಗಿರೋದು ಬೇಕಿತ್ತು." ಆಮೇಲೆ ನನ್ನ ಮುಖ ನೋಡಿ ಸಮಾಧಾನಕ್ಕೆ ಸೇರಿಸಿದಳು: "ದಿನಾ ಎರಡು ಹೊತ್ತು ಮಂಗಳಾರತಿ ಆಗುತ್ತೆ. ಯಾವ ಬಾತುಕೋಳಿಗೆ ಸಿಗುತ್ತೆ ಹೇಳಿ ಆ ಭಾಗ್ಯ?"

ಕಂಬದ ಮೇಲಿನವನು

ಇಷ್ಟರಲ್ಲಿ ಯಾತ್ರೆಯವರ ಗಾಡಿ ಓಡಿಸೋ ಕೆಲಸ ಸಿಕ್ಕಿತು. "ನಾನು ಬರೋ ತನಕ ಟ್ರಂಕ್ ಮುಟ್ಬೇಡ" ಅಂತ ಅಕ್ಕನ ಕೈ ಹಿಡಿದು ಹೇಳಿ ಹೋದೆ. ವಾಪಸ್ ಬಂದಾಗ ಶೀಟಿನ ರೂಮಿರಲಿಲ್ಲ. ಅದರ ಜಾಗದಲ್ಲಿ ಕಂಬಗಳೆದ್ದಿದ್ದವು, ಸೆಂಟ್ರಿಂಗ್ ನಿಂತಿತ್ತು. ಬೀದಿ ಕಡೆಯ ಕಂಬದ ಮೇಲೆ ನಾನಿದ್ದೆ.

ನಾನೇ. ಒಮ್ಮೆ ಗಡ್ಡ ಬಿಟ್ಟು, ಕೆಳಗಿಂದ ಟಾರ್ಚ್ ಹಾಕ್ಕೊಂಡು, ಕಣ್ಣರಳಿಸಿ ನನ್ನದೇ ಫೋಟೋ ತೆಗೆದುಕೊಂಡಿದ್ದೆ. ಅಲೆಮಾರಿಯ ಅಂತರಂಗ ಅಂತ ಹೆಸರಿಟ್ಟು, ರಾಜಾಜಿನಗರದ ಗೆಳೆಯನ ಅಂಗಡೀಲಿ ಫ್ಲೆಕ್ಸ್ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೆ. ಆ ಅಂತರಂಗದ ಒಂದು ಪಕ್ಕ ಬೂದುಗುಂಬಳಕಾಯಿ, ಇನ್ನೊಂದು ಪಕ್ಕ ಹಳೇ ಚಪ್ಪಲಿ.

ಮೇಸ್ತ್ರಿ ರಾಯಚೂರು ಕಡೆಯವನು. "ಏನಪ್ಪಾ ಇದು?" ಅಂದೆ.

"ದೃಷ್ಟಿಗೊಂಬಿ ರೀ ಸರ. ಮಾರ್ಕೆಟ್ಟಿನ್ಯಾಗ ಇಷ್ಟ್ ಭಯಂಕರ ಇದ್ದಿದ್ದು ಸಿಗಲಿಲ್ರಿ. ಅಕ್ಕಾರು ಟ್ರಂಕಿನ್ಯಾಗಿಂದ ತೆಗೆದು ಕೊಟ್ರು." ಕಂಬ ನೋಡಿದ, ನನ್ನ ನೋಡಿದ, ಮತ್ತೆ ಕಂಬ ನೋಡಿದ. "ನಿಮ್ ಅಣ್ಣಾರೇನ್ರಿ?"

"ಇಳಿಸು ಅದನ್ನ!"

"ನೀವ ಇಳಿಸ್ರಿ ಸರ. ನಾಳಿ ಛತ್ತಿನ ಮೋಲ್ಡ್ ಐತಿ. ಏನರ ಬಿದ್ರ ನನ್ನ ಕೇಳಬ್ಯಾಡ್ರಿ."

ಅಕ್ಕನ ಹತ್ತಿರ ಹಾರಾಡಿದೆ. ಅವಳು ಅಕ್ಕಿ ಆರಿಸ್ತಾನೇ ಹೇಳಿದಳು: "ನೀನು ಮೇಲೆ ಹೋದ ಮೇಲೆ ಒಂದು ಮೂಟೆ ಸಿಮೆಂಟೂ ಕಳುವಾಗಿಲ್ಲ ಕಣೋ. ಎದುರುಮನೆಯವರು ಅಸೂಯೆಯಿಂದ ನೋಡೋದು ಬಿಟ್ಟು ತಲೆ ತಗ್ಗಿಸ್ಕೊಂಡು ಹೋಗ್ತಾರೆ. ನಲವತ್ತು ದಾಟಿದ ಮೇಲೆ ಮನೆಗೆ ಒಂದು ಉಪಯೋಗಕ್ಕೆ ಬಂದಿದೀಯ, ಅದನ್ನೂ ಹಾಳು ಮಾಡ್ಕೋಬೇಡ."

"ಟ್ರಂಕ್ ಎಲ್ಲಿ?"

"ನನ್ನ ಮಂಚದ ಕೆಳಗೆ."

"ಹಳೇ ಪೇಪರ್‌ನವನಿಗೆ ಹಾಕ್ತೀನಿ ಅಂದಿದ್ದೆಯಲ್ಲ?"

"ಒಂದು ಫೋಟೋಗೇ ಇಷ್ಟು ಪವರ್ ಇದೆ. ಮಿಕ್ಕಿದ್ದನ್ನ ಎಸೆಯೋಕೆ ಧೈರ್ಯ ಬರ್ಲಿಲ್ಲ. ಇರ್ಲಿ ಬಿಡು, ನಾನಿರೋ ತನಕ ಯಾರೂ ಮುಟ್ಟಲ್ಲ."

ಕಲೆ ಅಂತ ಕೈಮುಗಿದಾಗ ಉಳಿಯದಿದ್ದದ್ದು, ದೆವ್ವ ಅಂತ ಹೆದರಿದಾಗ ಉಳಿಯಿತು. ಹವ್ಯಾಸಿಗಳು ಇದನ್ನ ಬರೆದಿಟ್ಟುಕೊಳ್ಳಬಹುದು. ಯಾವ ಕಾಗದದ ಮೇಲಾದರೂ ಸರಿ.

ಬೀದಿಯವರು ಗುರುತು ಹಿಡಿದು ಮಕ್ಕಳನ್ನ ಒಳಗೆ ಕರೆಯೋ ಮುಂಚೆ ಜಾಗ ಖಾಲಿ ಮಾಡೋಣ ಅಂತ ಬ್ಯಾಗ್ ತೆಗೆದೆ. ಬಟ್ಟೆ ತುಂಬುತ್ತಿರುವಾಗ ಪಕ್ಕದ ಮನೆ ಆಂಟಿ ಬಂದರು. ನಂದಿನಿ ಲೇಔಟಲ್ಲಿ ಅವರ ಮಗ ಮನೆ ಕಟ್ಟಿಸ್ತಿದಾನಂತೆ.

"ಆ ಫೋಟೋದು ಒಂದು ಕಾಪಿ ಸಿಗುತ್ತೇನಪ್ಪ?"

ಇಷ್ಟು ವರ್ಷದಲ್ಲಿ ಒಬ್ಬರು, ಒಬ್ಬರೇ ಒಬ್ಬರು, ನನ್ನ ಫೋಟೋ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಕೈಲಿದ್ದ ಶರ್ಟು ಕೆಳಗಿಟ್ಟೆ.

"ಕೊಡ್ತೀನಿ ಆಂಟಿ."

"ಆದ್ರೆ ಅವನದು ಕಾರ್ನರ್ ಸೈಟು, ಜನರ ಕಣ್ಣು ಜಾಸ್ತಿ. ನಾಲಿಗೆ ಒಂಚೂರು ಆಚೆ ಇದ್ರೆ ಚೆನ್ನಾಗಿರುತ್ತೆ."

ಶರ್ಟು, ಪಂಚೆ, ಟವೆಲ್ಲು, ಚಾರ್ಜರ್ ಎಲ್ಲ ಬ್ಯಾಗಿಗೆ ಹಾಕಿ ಜಿಪ್ ಎಳೆದೆ. ಕ್ಯಾಮೆರಾ, ಟಾರ್ಚ್ ಮಾತ್ರ ಆಚೆ ಇಟ್ಟುಕೊಂಡೆ. ಬಸ್ಸಿಗಿನ್ನೂ ಹೊತ್ತಿತ್ತು; ಕನ್ನಡಿ ಮುಂದೆ ನಿಂತು ನಾಲಿಗೆ ಎಷ್ಟು ಉದ್ದ ಬರುತ್ತೆ ಅಂತ ನೋಡಿಕೊಂಡೆ.