ಸಾಕುಮಗಳ ದಾರ

ಮೂರನೇ ಕ್ಲಾಸಿನ ಮಕ್ಕಳಿಗೆ ‘ನಾನು ಯಾರು, ಯಾರವಳು’ ಎಂಬುದು ತಿಳಿಯಲಿ ಎಂದು ಟೀಚರಮ್ಮ ಒಂದು ಕೆಲಸ ಕೊಟ್ಟರು. ಹುಟ್ಟಿದಾಗಿನಿಂದ ಇವತ್ತಿನವರೆಗಿನ ಫೋಟೋಗಳನ್ನು ಒಂದು ದಾರಕ್ಕೆ ಸಾಲಾಗಿ ಕಟ್ಟಿ ತರಬೇಕು. ಮಕ್ಕಳಿಗೆ ಆಟ, ಅವರಲ್ಲೊಬ್ಬಳ ಅಪ್ಪನಾದ ದರ್ಜಿಗೆ ಪ್ರಾಣಸಂಕಟ.

ಮಗಳು ಅವನ ಮಡಿಲಿಗೆ ಬಂದಾಗಲೇ ಅವಳಿಗೆ ಎರಡು ವರ್ಷ. ಅದಕ್ಕೂ ಹಿಂದಿನ ಫೋಟೋ ಎಲ್ಲಿಂದ ತರುವುದು? ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದವಳು ಇವಳೊಬ್ಬಳೇ. ನಿಜ ತಿಳಿದರೆ ಇವಳೂ ದೂರವಾದಾಳು ಎಂಬ ಭಯ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕೂತಿತ್ತು. ಹಿಂದೊಮ್ಮೆ ಪಕ್ಕದ ಮನೆಯಾಕೆ ಮಗಳೆದುರೇ ‘ಸಾಕುಮಗಳು’ ಎಂದು ಬಾಯಿಬಿಟ್ಟಾಗ, “ಒಬ್ಬಳೇ ಮಗಳು ಸಾಕು ಅಂತ ಕಣೇ, ಅದಕ್ಕೇ ಸಾಕುಮಗಳು” ಎಂದು ತೇಪೆ ಹಾಕಿದ್ದ.

ಈಗ ಆಪದ್ಬಾಂಧವಳಾಗಿ ಬಂದವಳೂ ಆಕೆಯೇ. “ನನ್ ಮಗಂದು ಫೋಟೋ ಇದೆ, ತಗೊಂಡ್ಹೋಗಿ. ಎಳೇ ಮಕ್ಕಳೆಲ್ಲ ಒಂದೇ ಥರ ಇರ್ತಾವೆ.”

ಆ ಮಗುವಿನ ಅಂಗಿಯ ಮೇಲೆ ‘ಅಮ್ಮನ ಮುದ್ದು ಮಗ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ದರ್ಜಿ ಗುಲಾಬಿ ಬಟ್ಟೆಯ ಚೂರಿನಲ್ಲಿ ಬೆರಳುದ್ದದ ಫ್ರಾಕು ಹೊಲಿದು ಅದರ ಮೇಲೆ ಅಂಟಿಸಿದ.

“ಮೂಗು ಥೇಟ್ ನಿಮ್ದೇ ಅಣ್ಣಾ!” ಎಂದ ಎದುರಂಗಡಿಯ ಇಸ್ತ್ರಿಯವ. ಪ್ಯಾಂಟು ಒಯ್ಯಲು ಬಂದಿದ್ದ ಪಕ್ಕದ ಮನೆಯಾಕೆಯ ಗಂಡ ಫೋಟೋ ನೋಡಿದ, ದರ್ಜಿಯ ಮೂಗು ನೋಡಿದ, ಪ್ಯಾಂಟು ಬಿಟ್ಟು ಮನೆಗೆ ಓಡಿದ. ಸ್ವಲ್ಪ ಹೊತ್ತಿನಲ್ಲೇ ಆ ಮನೆಯಿಂದ ಪಾತ್ರೆಗಳು ಬೀಳುವ ಸದ್ದು ಕೇಳಿತು.

ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲ ಎಂದುಕೊಳ್ಳುತ್ತ ದರ್ಜಿ, ಆಗಲೇ ದಾರ ಹಿಡಿದು ಹೋಗಿದ್ದ ಮಗಳ ಹಿಂದೆ ಶಾಲೆಗೆ ಧಾವಿಸಿ, ಕಿಟಕಿಯಾಚೆ ಅವಿತು ನಿಂತ. ಒಳಗೆ ಮಗಳು ದಾರ ಹಿಡಿದು ಹೇಳುತ್ತಿದ್ದಳು: “ನಾನು ಸಾಕುಮಗಳು.”

ಅವನು ಗೋಡೆಗೆ ಆತುಕೊಂಡ.

“ಹಾಗಂದ್ರೆ ಏನು ಪುಟ್ಟಾ?” ಟೀಚರಮ್ಮ ಮೆಲ್ಲಗೆ ಕೇಳಿದರು.

“ಒಬ್ಬಳೇ ಸಾಕು ಅಂತ ಮಿಸ್.”

ಹೋದ ಜೀವ ಬಂತು. ಬೆಲ್ಲು ಹೊಡೆದು ಮಕ್ಕಳೆಲ್ಲ ಹೊರಗೋಡಿದರು. ಮಗಳು ಮಾತ್ರ ಟೀಚರಮ್ಮನ ಹತ್ತಿರ ಹೋದಳು.

“ಮಿಸ್, ಅದು ಪಕ್ಕದ್ಮನೆ ಅಣ್ಣನ ಫೋಟೋ. ಸಾಕುಮಗಳು ಅಂದ್ರೆ ಏನೂಂತ ನಂಗೆ ಗೊತ್ತು. ಅಪ್ಪಂಗೆ ಹೇಳ್ಬೇಡಿ. ನಂಗೆ ಗೊತ್ತಾಗಿದೆ ಅಂತ ತಿಳಿದ್ರೆ ವಾಪಸ್ ಕಳಿಸ್ಬಿಡ್ತಾರೆ.”

ದರ್ಜಿಗೆ ಅಳು ನುಗ್ಗಿ ಬಂತು. ತಿರುಗಿದ ಮಗಳಿಗೆ ಕಿಟಕಿಯಲ್ಲಿ ಅಪ್ಪ ಕಂಡ. ಒಂದು ಗಳಿಗೆ ಅವಳ ಮುಖ ಬಿಳುಚಿಕೊಂಡಿತು. ಕೂಡಲೇ ಫೋಟೋ ಎತ್ತಿ ಹಿಡಿದು ನಕ್ಕಳು.

“ಅಪ್ಪಾ, ನಾನು ಮಗು ಇದ್ದಾಗ ನೋಡು! ಮೂಗು ಥೇಟ್ ನಿಂದೇ ಅಲ್ವಾ?”

ಎಲ್ಲ ಹೇಳಿಬಿಡೋಣವೆಂದು ಅವನು ಬಾಯಿ ತೆರೆದ. ಅವಳು ಫೋಟೋದ ಮೇಲಿನ ಫ್ರಾಕು ಕಳಚದಂತೆ ಹೆಬ್ಬೆರಳಿಂದ ಒತ್ತಿ ಹಿಡಿದಿದ್ದಳು.

“ಹೂಂ ಕಣೇ,” ಎಂದ. “ಥೇಟ್ ನಂದೇ.”